ಅಳಿವೆಯ ನೀರು, ಅಳತೆಯ ಹೊತ್ತು: ಮಂಗಳೂರಿನ ಜಲಮಾಲಿನ್ಯದ ಮಾಪನ ಮತ್ತು ನಿಯಂತ್ರಣ

ಕರಾವಳಿಯ ನಗರವೊಂದರಲ್ಲಿ ನೀರು ಕೆಟ್ಟಿದೆಯೇ ಎಂದು ಕೇಳಿದರೆ, ಎಲ್ಲಿಯ ನೀರು, ಯಾವ ತಿಂಗಳ ನೀರು, ಉಬ್ಬರದ ಹೊತ್ತಿನದೋ ಇಳಿತದ ಹೊತ್ತಿನದೋ ಎಂಬುದು ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ. ಒಳನಾಡಿನ ನಗರದಲ್ಲಿ ನದಿ ಒಂದೇ ದಿಕ್ಕಿಗೆ ಹರಿಯುವುದರಿಂದ, ಊರಿಗೆ ಮೇಲೊಂದು ಕೆಳಗೊಂದು ಕಡೆ ನೀರಿನ ಮಾದರಿ ತೆಗೆದು ಹೋಲಿಸಿದರೆ, ಊರು ನದಿಗೆ ಸೇರಿಸಿದ ಕೊಳೆ ಎಷ್ಟೆಂಬುದು ಸ್ಥೂಲವಾಗಿಯಾದರೂ ತಿಳಿಯುತ್ತದೆ. ಅಳಿವೆಯ ದಡದ ನಗರಕ್ಕೆ ಈ ಸರಳ ಲೆಕ್ಕ ಒದಗುವುದಿಲ್ಲ. ಅಲ್ಲಿ ಬೆಳಿಗ್ಗೆ ಪಡುವಣಕ್ಕೆ ಸರಿದ ನೀರು ಮಧ್ಯಾಹ್ನ ಮೂಡಣಕ್ಕೆ ಮರಳುತ್ತದೆ, ಮೇಲೆ ಸಿಹಿನೀರಿದ್ದಾಗಲೇ ತಳದಲ್ಲಿ ಉಪ್ಪುನೀರಿರುತ್ತದೆ, ಮಳೆಗಾಲದಲ್ಲಿ ಕೊಚ್ಚಿಹೋಗುವ ಕೊಳೆಯೇ ಬೇಸಿಗೆಯಲ್ಲಿ ಅಲ್ಲಲ್ಲೇ ಸುತ್ತುತ್ತದೆ. ಆದ್ದರಿಂದ ಕರಾವಳಿಯ ಜಲಮಾಲಿನ್ಯದ ಮಾಪನವು ಸ್ಥಳ, ಋತು ಮತ್ತು ಭರತದ ಹೊತ್ತನ್ನು ಒಟ್ಟಿಗೆ ಹಿಡಿಯುವ ಕೆಲಸವಾಗಬೇಕು, ಹಾಗೆ ದೊರೆತ ಅಂಕಿ ಯಾರೋ ಒಬ್ಬ ಅಧಿಕಾರಿಯ ನಿರ್ಧಾರಕ್ಕೆ ನೇರವಾಗಿ ತಲುಪಬೇಕು ಎಂಬುದು ಈ ಉಪನ್ಯಾಸದ ಮುಖ್ಯ ವಾದ. ಅದನ್ನು ಪರಿಶೀಲಿಸಲು ಮಂಗಳೂರು ನಗರವನ್ನು ಆರಿಸಿಕೊಳ್ಳಲಾಗಿದೆ. ಎರಡು ನದಿ, ಒಂದು ಅಳಿವೆ, ಒಂದು ಬೃಹತ್ ಬಂದರು, ಒಂದು ಮೀನುಗಾರಿಕೆ ಬಂದರು, ಕೈಗಾರಿಕಾ ವಲಯ ಮತ್ತು ಕೆಂಪುಕಲ್ಲಿನ ಗುಡ್ಡಗಳ ಮೇಲೆ ಹರಡಿದ ಜನವಸತಿ ಒಂದೇ ಕಡೆ ಕೂಡಿರುವ ಇಂತಹ ನಗರ ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ಇನ್ನೊಂದಿಲ್ಲ.

ನೀರಿನ ಭೌತಿಕ, ರಾಸಾಯನಿಕ ಅಥವಾ ಜೈವಿಕ ಗುಣ ಬದಲಾಗಿ ಅದು ಜನರ ಆರೋಗ್ಯಕ್ಕೆ, ಕೃಷಿ ಮತ್ತು ಉದ್ಯಮದ ಬಳಕೆಗೆ, ಪ್ರಾಣಿಗಳ ಮತ್ತು ಜಲಚರಗಳ ಬದುಕಿಗೆ ಹಾನಿ ತರುವಂತಾದರೆ ಅಥವಾ ತರುವ ಸಂಭವವಿದ್ದರೆ, 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯಿದೆ ಅದನ್ನು ಮಾಲಿನ್ಯವೆಂದು ಪರಿಗಣಿಸುತ್ತದೆ. ಈ ವ್ಯಾಖ್ಯೆಯಲ್ಲಿ ಗಮನಿಸಬೇಕಾದದ್ದು ಸಂಭವ ಎಂಬ ಮಾತು, ಏಕೆಂದರೆ ಮೀನು ಸತ್ತು ತೇಲುವವರೆಗೆ, ಬಾವಿ ನೀರು ಕುಡಿದವರಿಗೆ ಕಾಮಾಲೆ ಬರುವವರೆಗೆ ಕಾಯಬೇಕೆಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಅದೇ ಕಾಯಿದೆಯ ‘ತೊರೆ’ ಎಂಬ ಪರಿಭಾಷೆಯೊಳಗೆ ನದಿ, ಹಳ್ಳ, ಕೆರೆಗಳಷ್ಟೇ ಅಲ್ಲದೆ ಅಂತರ್ಜಲವೂ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಮಿತಿಯವರೆಗಿನ ಸಮುದ್ರ ಮತ್ತು ಭರತದ ನೀರೂ ಸೇರಿವೆ. ಹೀಗಾಗಿ ಮನೆಯ ಬಾವಿಯಿಂದ ಹಿಡಿದು ಬಂದರು ಧಕ್ಕೆಯ ಎದುರು ದಡದ ಬೆಂಗ್ರೆಯ ಆಚೆಯ ಕಡಲಿನವರೆಗೆ ಒಂದೇ ಕಾನೂನು ಚಾಚಿಕೊಂಡಿದೆ.

ನೇತ್ರಾವತಿ ನದಿ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ನೂರು ಕಿ.ಮೀ.ಗಿಂತ ತುಸು ಹೆಚ್ಚು ದೂರ ಹರಿದು ಮಂಗಳೂರಿನ ತೆಂಕಣ ಅಂಚಿಗೆ ಬರುತ್ತದೆ. ಫಲ್ಗುಣಿ ಎಂದೂ ಕರೆಯಲಾಗುವ ಗುರುಪುರ ನದಿ ನಗರದ ಬಡಗಣ ಅಂಚನ್ನು ಬಳಸಿ, ಕಡಲಿಗೆ ಸಮಾನಾಂತರವಾಗಿ ತೆಂಕಣಕ್ಕೆ ತಿರುಗಿ, ಹಳೆಯ ಬಂದರಿನ ಬಳಿ ನೇತ್ರಾವತಿಯ ಅಳಿವೆಗೇ ಬಂದು ಸೇರುತ್ತದೆ. ಎರಡೂ ನದಿಗಳ ಕೊಳೆಗೆ ಕಡಲು ಸೇರಲು ಇರುವುದು ಒಂದೇ ಬಾಗಿಲು. ನಗರದ ಸರಾಸರಿ ವಾರ್ಷಿಕ ಮಳೆ 3,500 ಮಿ.ಮೀ.ಗೂ ಹೆಚ್ಚಾಗಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆ ದಿನಗಳಲ್ಲಿ ನದಿಯ ನೀರು ಕೆಂಪಾಗಿ, ಅಳಿವೆಯಲ್ಲಿ ಸಿಹಿನೀರೇ ತುಂಬಿ, ಉಪ್ಪು ಬಾಯಿಯಿಂದಾಚೆಗೆ ತಳ್ಳಲ್ಪಡುತ್ತದೆ. ಮಳೆ ನಿಂತ ಮೇಲೆ ಹರಿವು ದಿನದಿನಕ್ಕೆ ಇಳಿದು, ಡಿಸೆಂಬರ್ ಹೊತ್ತಿಗೆ ಕಿಂಡಿ ಅಣೆಕಟ್ಟುಗಳ ಗೇಟುಗಳು ಮುಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟು ನೆರೆಯನ್ನು ಬಿಟ್ಟು, ಬೇಸಿಗೆಗೆ ಬಾಗಿಲು ಹಾಕಿ ನೀರು ನಿಲ್ಲಿಸುವ ತಗ್ಗು ಅಡ್ಡಗಟ್ಟೆಗೆ ಕಿಂಡಿ ಅಣೆಕಟ್ಟು ಎನ್ನುತ್ತಾರೆ. ಮಂಗಳೂರಿನ ಕುಡಿಯುವ ನೀರು ತುಂಬೆಯ ಇಂತಹ ಅಣೆಕಟ್ಟಿನಿಂದ ಬರುತ್ತದೆ. ಅದರ ಕೆಳಗೆ ಹರೇಕಳ–ಅಡ್ಯಾರ್ ನಡುವಿನ ಇನ್ನೊಂದು ಅಣೆಕಟ್ಟು ಉಪ್ಪುನೀರು ಮೇಲೇರದಂತೆ ತಡೆಯಲು ನಿರ್ಮಾಣಗೊಂಡಿದೆ.

ಈ ಏರ್ಪಾಡಿನಿಂದ ಮಾಲಿನ್ಯದ ದೃಷ್ಟಿಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಸಾಕಷ್ಟು ಚಿಂತನೆ ನಡೆದಿಲ್ಲವೆಂದೇ ಹೇಳಬೇಕು. ಗೇಟು ಮುಚ್ಚಿದ ದಿನದಿಂದ ಅಣೆಕಟ್ಟಿನ ಮೇಲಿನ ನದಿ ಮಡುವಾಗುತ್ತದೆ, ಕೆಳಗಿನ ನದಿ ಕಡಲಿನ ಹಿನ್ನೀರಾಗುತ್ತದೆ. ಮೇಲಿನ ಮಡುವಿಗೆ ಬಂಟ್ವಾಳ ಪೇಟೆಯ, ಉಪ್ಪಿನಂಗಡಿಯ ಮತ್ತು ಇನ್ನೂ ಮೇಲಿನ ಊರುಗಳ ಬಚ್ಚಲು ನೀರು ಸೇರಿದರೆ ಅದಕ್ಕೆ ಮುಂದೆ ಸಾಗುವ ದಾರಿಯಿಲ್ಲ. ಧರ್ಮಸ್ಥಳವೂ ಸುಬ್ರಹ್ಮಣ್ಯವೂ ಇದೇ ನದಿಗಳ ಮೇಲ್ದಂಡೆಯಲ್ಲಿರುವುದರಿಂದ, ಅಲ್ಲಿನ ಕೊಳೆನೀರಿನ ಪ್ರಮಾಣವನ್ನು ಊರಿನ ಜನಸಂಖ್ಯೆಯಿಂದ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಬಂದು ಹೋಗುವ ಯಾತ್ರಿಕರ ಸಂಖ್ಯೆಯಿಂದ ಹಾಕಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿಭಾಗಗಳನ್ನು ಮಲಿನವೆಂದು ಗುರುತಿಸಿದಾಗ ಕರ್ನಾಟಕದ 17 ಭಾಗಗಳು ಅದರಲ್ಲಿದ್ದವು, ನೇತ್ರಾವತಿ ಮತ್ತು ಕುಮಾರಧಾರೆಗಳೆರಡೂ ಆ ಪಟ್ಟಿಯಲ್ಲಿ ಕಾಣಿಸಿಕೊಂಡವು. ಅಣೆಕಟ್ಟಿನ ಕೆಳಗಿನ ಭಾಗದ ಪಾಡು ಬೇರೆ. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದ ಅಂತರ ಸುಮಾರು ಒಂದರಿಂದ ಒಂದೂವರೆ ಮೀಟರ್ ಮಾತ್ರ. ಖಂಭಾತ್ ಕೊಲ್ಲಿಯಂತಹ ಕಡೆ ಹಲವು ಮೀಟರ್ ಎತ್ತರದ ಭರತ ದಿನಕ್ಕೆರಡು ಸಲ ಅಳಿವೆಯನ್ನು ತೊಳೆದುಬಿಡುತ್ತದೆ. ಇಲ್ಲಿನ ಸಣ್ಣ ಭರತಕ್ಕೆ ಆ ಬಲವಿಲ್ಲ. ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಅಳಿವೆಗೆ ಹೊಸದಾಗಿ ಬರುವ ಸಿಹಿನೀರಿನಲ್ಲಿ ಗಣನೀಯ ಪಾಲು ನಗರದ ತೋಡುಗಳಿಂದ ಇಳಿಯುವ ಕೊಳೆನೀರೇ ಆಗಿರುತ್ತದೆ. ಆದ್ದರಿಂದ ವರ್ಷದ ಹನ್ನೆರಡು ತಿಂಗಳ ಅಂಕಿಗಳನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿ ಪಡೆದ ವಾರ್ಷಿಕ ಸರಾಸರಿಯಷ್ಟು ದಾರಿತಪ್ಪಿಸುವ ಸಂಖ್ಯೆ ಕರಾವಳಿಯಲ್ಲಿ ಇನ್ನೊಂದಿಲ್ಲ. ಜುಲೈಯ ನೆರೆನೀರು ಏಪ್ರಿಲ್‌ನ ಕೊಳೆಯನ್ನು ಕಾಗದದ ಮೇಲೆ ತೊಳೆದುಬಿಡುತ್ತದೆ.

ಕೊಳೆ ಎಲ್ಲಿಂದ ಬರುತ್ತದೆ ಎಂದೊಡನೆ ಸಾಮಾನ್ಯವಾಗಿ ಬೆರಳು ಕಾರ್ಖಾನೆಗಳತ್ತ ಹೋಗುತ್ತದೆ. ಕಾರ್ಖಾನೆಗಳ ಪಾಲು ಸಣ್ಣದಲ್ಲ. ಆದರೆ ನದಿಯ ಆಮ್ಲಜನಕವನ್ನು ದಿನನಿತ್ಯ ತಿನ್ನುವುದರಲ್ಲಿಯೂ ರೋಗಾಣುಗಳನ್ನು ಹರಡುವುದರಲ್ಲಿಯೂ ಮನೆ, ಹೋಟೆಲು, ವಸತಿ ಸಮುಚ್ಚಯ ಮತ್ತು ಆಸ್ಪತ್ರೆಗಳ ಕೊಳೆನೀರಿನದೇ ಮೇಲುಗೈ. ಮಂಗಳೂರಿನ ನೆಲ ಸಮತಟ್ಟಲ್ಲ. ಗುಡ್ಡದಿಂದ ಗುಡ್ಡಕ್ಕೆ ಏರಿಳಿಯುವ ಈ ಊರಿನಲ್ಲಿ ಒಳಚರಂಡಿಯ ನೀರು ತಾನಾಗಿ ಒಂದೇ ಕಡೆಗೆ ಹರಿದು ಹೋಗಲಾರದು. ಅದನ್ನು ಪ್ರತಿ ತಗ್ಗಿನಲ್ಲೂ ಒಂದು ಬಾವಿಯಂತಹ ತೊಟ್ಟಿಯಲ್ಲಿ ಸಂಗ್ರಹಿಸಿ, ಪಂಪಿನಿಂದ ಮೇಲೆತ್ತಿ, ಮುಂದಿನ ಇಳಿಜಾರಿಗೆ ದಾಟಿಸಬೇಕಾಗುತ್ತದೆ. ಈ ತೊಟ್ಟಿಗೆ ಪಾಲಿಕೆಯ ಭಾಷೆಯಲ್ಲೂ ಜನರ ಭಾಷೆಯಲ್ಲೂ ವೆಟ್‌ವೆಲ್ ಎಂದೇ ಹೆಸರು. ವಿದ್ಯುತ್ ಹೋಗಿ ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಪಂಪು ಸುಟ್ಟರೆ, ಮೇಲೆತ್ತುವ ಕೊಳವೆ ಒಡೆದರೆ, ಮಳೆನೀರು ಮ್ಯಾನ್‌ಹೋಲ್‌ಗೆ ನುಗ್ಗಿ ತೊಟ್ಟಿ ತುಂಬಿದರೆ, ಕೊಳೆನೀರು ಉಕ್ಕಿ ಪಕ್ಕದ ತೋಡಿಗೆ ಇಳಿಯುತ್ತದೆ. ತೋಡು ನದಿಗೆ ಒಯ್ಯುತ್ತದೆ. ವೆಟ್‌ವೆಲ್‌ಗಳನ್ನು ಸಾಮಾನ್ಯವಾಗಿ ತಗ್ಗಿನಲ್ಲಿ, ಎಂದರೆ ತೋಡಿನ ಬದಿಯಲ್ಲೇ ಕಟ್ಟಬೇಕಾಗುವುದರಿಂದ ಈ ಅಪಾಯ ವಿನ್ಯಾಸದೊಳಗೇ ಅಡಗಿದೆ.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ 1999ರಲ್ಲಿ ಮಂಜೂರಾದ ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆ ಮಂಗಳೂರು, ಉಡುಪಿ, ಕಾರವಾರ ಮೊದಲಾದ ಊರುಗಳ ನೀರು ಮತ್ತು ಒಳಚರಂಡಿ ವ್ಯವಸ್ಥೆಗೆ ಕೈಹಾಕಿತು. ಇಂದು ಕಾವೂರು, ಬಜಾಲ್, ಸುರತ್ಕಲ್ ಮತ್ತು ಪಚ್ಚನಾಡಿಗಳಲ್ಲಿ ಕೊಳೆನೀರು ಶುದ್ಧೀಕರಣ ಘಟಕಗಳಿವೆ. ಘಟಕದ ಸಾಮರ್ಥ್ಯ ಎಷ್ಟು ದಶಲಕ್ಷ ಲೀಟರ್ ಎಂಬುದು ವರದಿಗಳಲ್ಲಿ ಎದ್ದು ಕಾಣುವ ಸಂಖ್ಯೆ. ಆದರೆ ಘಟಕದ ಬಾಗಿಲಿಗೆ ನಿಜವಾಗಿ ಬಂದು ತಲುಪುವ ಕೊಳೆನೀರು ಎಷ್ಟು ಎಂಬುದೇ ನದಿಗೆ ಸಂಬಂಧಿಸಿದ ಸಂಖ್ಯೆ. ಸರಬರಾಜಾದ ನೀರಿನ ನೂರಕ್ಕೆ ಎಂಬತ್ತರಷ್ಟು ಕೊಳೆನೀರಾಗುತ್ತದೆ ಎಂಬುದು ಯೋಜನೆ ರೂಪಿಸುವವರು ಬಳಸುವ ಅಂದಾಜು; ಮಂಗಳೂರಿನಲ್ಲಿ ಮನೆಮನೆಯ ಬಾವಿ ಮತ್ತು ಕೊಳವೆಬಾವಿಯ ನೀರೂ ಬಳಕೆಯಾಗಿ ಕೊಳೆನೀರಾಗುವುದರಿಂದ ಈ ಲೆಕ್ಕವನ್ನು ತುಂಬೆಯ ನೀರಿನ ಮೇಲಷ್ಟೇ ಹಾಕಿದರೆ ಕೊರತೆ ಬೀಳುತ್ತದೆ. ಘಟಕಕ್ಕೆ ಬಾರದ ನೀರು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ತೋಡು ಮತ್ತು ಬಾವಿಗಳಲ್ಲೇ ಉತ್ತರ ಹುಡುಕಬೇಕು.

ಕೆಂಪುಕಲ್ಲು, ಎಂದರೆ ಜಂಬಿಟ್ಟಿಗೆ, ರಂಧ್ರಮಯ ಶಿಲೆ. ಕರಾವಳಿಯ ಮನೆಗಳನ್ನು ಕಟ್ಟಿದ್ದು ಈ ಕಲ್ಲೇ. ಮನೆಯ ಬಾವಿಗೆ ನೀರು ಜಿನುಗಿಸುವುದೂ ಇದೇ. ಶೌಚಗುಂಡಿಯ ನೀರು ಇಂಗಿ ಮಾಯವಾಗುವುದು ಮನೆಯವರಿಗೆ ಅನುಕೂಲವೆನಿಸುತ್ತದೆ, ಆದರೆ ಮರಳಿನ ಪದರದಂತೆ ನಿಧಾನವಾಗಿ ಸೋಸಿ ಬಿಡುವ ಬದಲು ಕೆಂಪುಕಲ್ಲಿನ ಬಿಲಗಳ ಮೂಲಕ ಅದು ಸೋಸದೆಯೇ ಬಾವಿಗೆ ಇಳಿಯಬಲ್ಲದು. ಹತ್ತು ಸೆಂಟ್ಸ್ ಜಾಗದಲ್ಲಿ ಬಾವಿಯೂ ಶೌಚಗುಂಡಿಯೂ ಇರುವ, ಪಕ್ಕದ ಹತ್ತು ಸೆಂಟ್ಸಿನಲ್ಲಿಯೂ ಹಾಗೆಯೇ ಇರುವ ಬಡಾವಣೆಗಳಲ್ಲಿ ಒಬ್ಬರ ಗುಂಡಿ ಇನ್ನೊಬ್ಬರ ಬಾವಿಗೆ ಎಷ್ಟು ಹತ್ತಿರ ಎಂಬುದನ್ನು ಕಟ್ಟಡದ ನಕ್ಷೆ ತೋರಿಸುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಒಂದೂ ಪತ್ತೆಯಾಗಬಾರದು. ನದಿಯ ನೀರನ್ನು ಶುದ್ಧೀಕರಿಸಿ ಕುಡಿಯುತ್ತೇವೆ, ಬಾವಿಯ ನೀರನ್ನು ಕೊಡಪಾನದಿಂದ ನೇರವಾಗಿ ಕುಡಿಯುತ್ತೇವೆ. ಹಾಗಿದ್ದೂ ನದಿಯ ಮಾಪನಕ್ಕೆ ಇರುವಷ್ಟು ಕ್ರಮ ಬಾವಿಗಳ ಮಾಪನಕ್ಕಿಲ್ಲ.

ನಗರದ ಕಸವೂ ನೀರಿನ ಪ್ರಶ್ನೆಯಾಗಿ ಬದಲಾಗುವುದನ್ನು 2019ರ ಆಗಸ್ಟ್ ತಿಂಗಳು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಗುಡ್ಡೆ ಹಾಕಿದ್ದ ತ್ಯಾಜ್ಯ ಮಳೆಗೆ ನೆನೆದು ಕುಸಿದು, ಕೆಳಗಿನ ಮಂದಾರ ಪ್ರದೇಶದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಅಲ್ಲಿನ ಕುಟುಂಬಗಳು ನೆಲೆ ಬಿಟ್ಟು ಹೋಗಬೇಕಾಯಿತು. ಮಣ್ಣಿನ ಕುಸಿತದಂತೆ ಇದು ಒಂದು ದಿನದ ಘಟನೆಯಾಗಿ ಮುಗಿಯಲಿಲ್ಲ. ಕೊಳೆತ ಕಸದೊಳಗಿಂದ ಇಳಿದು ಬರುವ ಕಪ್ಪು ರಸದಲ್ಲಿ ಸಾವಯವ ವಸ್ತು, ಅಮೋನಿಯಾ, ಲೋಹಾಂಶ ಎಲ್ಲವೂ ಇರುತ್ತವೆ. ಅದು ತೋಡಿನ ಮೂಲಕ ಫಲ್ಗುಣಿಗೆ ಸೇರಿ, ಮರವೂರು ಬಳಿಯ ಕಿಂಡಿ ಅಣೆಕಟ್ಟಿನ ಕುಡಿಯುವ ನೀರಿಗೆ ಆತಂಕ ತಂದಿತು, ವಿಷಯ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಘನತ್ಯಾಜ್ಯದ ಕಡತ ಒಂದು ಕಪಾಟಿನಲ್ಲಿ, ಕುಡಿಯುವ ನೀರಿನ ಕಡತ ಇನ್ನೊಂದು ಕಪಾಟಿನಲ್ಲಿ ಇರುವ ಆಡಳಿತದಲ್ಲಿ ಇಂತಹ ನಂಟು ಕುಸಿತದ ನಂತರವೇ ಕಾಣಿಸುತ್ತದೆ.

ಕೈಗಾರಿಕೆಯ ಭಾಗವನ್ನು ಸಂಕ್ಷೇಪವಾಗಿ ಹೇಳಬಹುದು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಆರಂಭವಾದ ಬಳಿಕ ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರಿನ ಉಂಡೆ ಘಟಕ, 1990ರ ದಶಕದಲ್ಲಿ ತೈಲ ಶುದ್ಧೀಕರಣಾಗಾರ ಮತ್ತು ರಾಸಾಯನಿಕ ಘಟಕಗಳು, ಬೈಕಂಪಾಡಿಯ ನೂರಾರು ಸಣ್ಣ ಉದ್ದಿಮೆಗಳು ಬಂದವು. ದೊಡ್ಡ ಕಾರ್ಖಾನೆಯ ಹೊರಹರಿವಿಗೆ ಒಂದು ಕೊಳವೆ, ಒಂದು ಅನುಮತಿ ಪತ್ರ, ಒಂದು ಹೊಣೆಗಾರ ಹುದ್ದೆ ಇರುತ್ತದೆ. 2014ರಿಂದ ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಿದ 17 ವರ್ಗಗಳ ಉದ್ದಿಮೆಗಳು ಹೊರಹರಿವನ್ನು ನಿರಂತರವಾಗಿ ಅಳೆದು ಮಂಡಳಿಗೆ ಕಳುಹಿಸುವ ಸ್ವಯಂಚಾಲಿತ ಯಂತ್ರವನ್ನು ಅಳವಡಿಸಬೇಕೆಂದೂ ಆದೇಶವಿದೆ; ಆದರೆ ಅಂತಹ ಯಂತ್ರದ ಸಂವೇದಕದ ಮೇಲೆ ಪಾಚಿಯ ಪದರ ಕಟ್ಟಿದರೆ ಅಂಕಿ ಕೆಡುವುದರಿಂದ, ಕೈಯಿಂದ ತೆಗೆದ ಮಾದರಿಯ ಜತೆ ಅದನ್ನು ಆಗಾಗ ತಾಳೆ ನೋಡದೆ ನಂಬುವಂತಿಲ್ಲ. ತೋಕೂರು ಹಳ್ಳದಂತಹ ಕಡೆ ಕೈಗಾರಿಕಾ ಪ್ರದೇಶದ ಮಳೆನೀರು ಚರಂಡಿಗಳೆಲ್ಲ ಒಂದಾಗಿ ಫಲ್ಗುಣಿಗೆ ಇಳಿಯುವಲ್ಲಿ ಸಮಸ್ಯೆ ಇನ್ನೂ ಜಟಿಲ. ಅಲ್ಲಿ ಬಣ್ಣ ಬದಲಾದ ನೀರು ಯಾವ ಬಾಗಿಲಿನಿಂದ ಬಂದದ್ದು ಎಂದು ಹೇಳಲು ಹಳ್ಳದ ಕೊನೆಯ ಒಂದು ಮಾದರಿ ಸಾಲದು, ಹಳ್ಳಕ್ಕೆ ಸೇರುವ ಪ್ರತಿ ಚರಂಡಿಯ ಬಾಯಿಯಲ್ಲೂ ಅಳೆಯಬೇಕು.

ಅಳೆಯುವುದೆಂದರೆ ಏನನ್ನು? ಮೊದಲನೆಯದು ನೀರಿನಲ್ಲಿ ಕರಗಿದ ಆಮ್ಲಜನಕ. ಮೀನು ಉಸಿರಾಡುವುದು ಇದನ್ನೇ. 28 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8 ಮಿ.ಗ್ರಾಂ. ಆಮ್ಲಜನಕವನ್ನು ಹಿಡಿದಿಡಬಲ್ಲದು, ಅದೇ ಉಷ್ಣತೆಯ ಕಡಲ ನೀರು ಹಿಡಿದಿಡುವುದು ಸುಮಾರು ಆರೂವರೆ ಮಿ.ಗ್ರಾಂ. ಮಾತ್ರ. ಆದ್ದರಿಂದ ಉಪ್ಪಿನಂಶವನ್ನು ಜತೆಗೆ ಬರೆಯದ ಆಮ್ಲಜನಕದ ಅಂಕಿ ಅಳಿವೆಯಲ್ಲಿ ಅರೆ ಸುದ್ದಿ. ಎರಡನೆಯದು ಜೈವಿಕ ಆಮ್ಲಜನಕ ಬೇಡಿಕೆ, ಅರ್ಥಾತ್ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬ ಲೆಕ್ಕ ಇದು. ಇಂಗ್ಲೆಂಡಿನ ಕೊಳೆನೀರು ಆಯೋಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದು ದಿನಗಳ ಪರೀಕ್ಷೆಯನ್ನು ರೂಢಿಗೆ ತಂದಿತು. ಭಾರತದಲ್ಲಿ ಈ ನೆಲದ ಉಷ್ಣತೆಗೆ ಒಪ್ಪುವಂತೆ 27 ಡಿಗ್ರಿಯಲ್ಲಿ ಮೂರು ದಿನ ಇಡುವ ಕ್ರಮವಿದೆ. ಶುದ್ಧೀಕರಿಸದ ಮನೆಬಳಕೆಯ ಕೊಳೆನೀರಿನ ಬಿಒಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿ.ಗ್ರಾಂ. ಇರುತ್ತದೆ, ಸ್ನಾನಕ್ಕೆ ಯೋಗ್ಯವೆನಿಸುವ ನೀರಿನಲ್ಲಿ ಅದು 3 ಮಿ.ಗ್ರಾಂ. ಮೀರುವಂತಿಲ್ಲ. 250 ಮಿ.ಗ್ರಾಂ. ಬಿಒಡಿಯ ಒಂದು ಲೀಟರ್ ಕೊಳೆಯನ್ನು 3 ಮಿ.ಗ್ರಾಂ.ಗೆ ಇಳಿಸಲು, ತಾನೇ 1 ಮಿ.ಗ್ರಾಂ. ಬಿಒಡಿ ಹೊಂದಿರುವ ಒಳ್ಳೆಯ ನದಿನೀರು 120 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಜುಲೈಯಲ್ಲಿ ನೇತ್ರಾವತಿ ಅದನ್ನು ಸಲೀಸಾಗಿ ಕೊಡುತ್ತಾಳೆ, ಏಪ್ರಿಲ್‌ನಲ್ಲಿ ಅವಳ ಬಳಿ ಕೊಡಲು ನೀರೇ ಇರುವುದಿಲ್ಲ.

ಒಳನಾಡಿನ ಪ್ರಯೋಗಾಲಯದ ಪದ್ಧತಿಯನ್ನು ಹಾಗೆಯೇ ಕರಾವಳಿಗೆ ತಂದರೆ ಆಗುವ ಎಡವಟ್ಟಿಗೆ ರಾಸಾಯನಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆ ಒಳ್ಳೆಯ ಉದಾಹರಣೆ. ಇದರಲ್ಲಿ ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಕೊಳೆಯನ್ನು ಉತ್ಕರ್ಷಿಸುತ್ತಾರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಇರುವ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ಬಳಸಿಕೊಳ್ಳುವುದರಿಂದ, ಅದನ್ನು ತಡೆಯುವ ಕ್ರಮವನ್ನು ಸರಿಯಾಗಿ ಅನುಸರಿಸದಿದ್ದರೆ ಉಪ್ಪೇ ಕೊಳೆಯೆಂದು ದಾಖಲಾಗುತ್ತದೆ. ರೋಗಾಣು ಸೂಚಕಗಳಲ್ಲಿ ತಪ್ಪು ಇನ್ನೊಂದು ದಿಕ್ಕಿನದು. ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳು ಉಪ್ಪು ಮತ್ತು ಬಿಸಿಲಿಗೆ ಬೇಗ ಸಾಯುತ್ತವೆ. ಆದರೆ ಅವುಗಳ ಜತೆಗೆ ಬಂದ ಕೆಲವು ವೈರಸ್‌ಗಳು ಹೆಚ್ಚು ಕಾಲ ಉಳಿಯುತ್ತವೆ. ಆ ಕಾರಣದಿಂದಲೇ ಕಡಲಸ್ನಾನದ ನೀರಿಗೆ ಎಂಟೆರೋಕೊಕಸ್ ಎಂಬ, ಉಪ್ಪಿಗೆ ಹೆಚ್ಚು ತಾಳಿಕೊಳ್ಳುವ ಬ್ಯಾಕ್ಟೀರಿಯಾವನ್ನು ಎಣಿಸುವುದು ಇತರ ಕಡೆ ರೂಢಿಗೆ ಬಂದಿದೆ. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ ದೊರೆತ ನೀಲಿ ಬಾವುಟದ ಮಾನ್ಯತೆಗೂ ಈ ಎಣಿಕೆ ಬೇಕಾಗುತ್ತದೆ. ಕಡಲ ನೀರನ್ನು ಬಳಕೆಗೆ ತಕ್ಕಂತೆ ಐದು ವರ್ಗಗಳಾಗಿ ವಿಂಗಡಿಸಿರುವ ನಮ್ಮ ಮಾನಕಗಳಲ್ಲಿ ಸ್ನಾನದ ವರ್ಗಕ್ಕೆ 100 ಮಿ.ಲೀ.ಗೆ 100 ಮಲಜನ್ಯ ಕೋಲಿಫಾರ್ಮ್ ಎಂಬ ಮಿತಿಯಿದೆ, ಬಂದರಿನ ನೀರಿಗೆ ಮಿತಿ ಸಡಿಲ. ಮಂಗಳೂರಿನ ಬಂದರು ಧಕ್ಕೆಗೂ, ಅದರ ಎದುರು ದಡದ ಬೆಂಗ್ರೆಯಲ್ಲಿ ಮಕ್ಕಳು ಈಜುವ ನೀರಿಗೂ ನಡುವೆ ಇರುವುದು ಒಂದು ದೋಣಿ ದಾಟುವಷ್ಟು ಅಗಲ ಮಾತ್ರ. ನೀರು ಈ ವರ್ಗಭೇದವನ್ನು ಪಾಲಿಸುವುದಿಲ್ಲ.

ಆಮ್ಲಜನಕದ ಮಾದರಿ ತೆಗೆಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಈ ಕೆಲಸ ಎಷ್ಟು ನಾಜೂಕಿನದೆಂದು ತಿಳಿಯುತ್ತದೆ. 300 ಮಿ.ಲೀ.ನ ಗಾಜಿನ ಬಾಟಲಿಗೆ ಕೊಳವೆಯ ತುದಿಯನ್ನು ತಳಕ್ಕೆ ತಾಗಿಸಿ, ಗುಳ್ಳೆ ಏಳದಂತೆ ನೀರು ತುಂಬಿ, ಬಾಯಿಂದ ಹೊರಚೆಲ್ಲುವವರೆಗೆ ಬಿಟ್ಟು ಮುಚ್ಚಬೇಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಂಕಿ ಏರುತ್ತದೆ. ದೋಣಿಯ ಮೇಲೆಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಹಾಕಿದಾಗ ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ವಿಂಕ್ಲರ್ 1888ರಲ್ಲಿ ರೂಪಿಸಿದ ಈ ವಿಧಾನದಲ್ಲಿ, ಬೇಸಿಗೆಯ ಮುಂಜಾನೆ ತೋಡಿನ ಬಾಯಿಯಲ್ಲಿ ತೆಗೆದ ಬಾಟಲಿಯ ಬಿಳಿ ಗಸಿಯನ್ನು ಯಾರು ಬೇಕಾದರೂ ಬರಿಗಣ್ಣಿನಿಂದ ಓದಬಹುದು. ಮುಂಜಾನೆ ಎಂಬುದು ಇಲ್ಲಿ ಮುಖ್ಯ. ನಿಂತ ನೀರಿನಲ್ಲಿ ಪಾಚಿ ಹಗಲಿಡೀ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದ್ದರಿಂದ ಮಧ್ಯಾಹ್ನ ಆರೋಗ್ಯವಾಗಿ ಕಾಣುವ ಕಿಂಡಿ ಅಣೆಕಟ್ಟಿನ ನೀರಿನಲ್ಲಿ ಬೆಳಗಿನ ಜಾವ ಮೀನುಗಳು ಬಾಯ್ದೆರೆದು ಮೇಲಕ್ಕೆ ಬರುವುದುಂಟು. ಕಚೇರಿ ಸಮಯದಲ್ಲಿ ತೆಗೆದ ಮಾದರಿ ದಿನದ ಅತ್ಯುತ್ತಮ ಗಳಿಗೆಯನ್ನೇ ದಾಖಲಿಸುತ್ತದೆ.

ಭರತದ ಹೊತ್ತಿನ ವಿಷಯವೂ ಹೀಗೆಯೇ. ಉಬ್ಬರದ ತುದಿಯಲ್ಲಿ ಫಲ್ಗುಣಿಯ ಕೂಳೂರು ಸೇತುವೆಯ ಬಳಿ ತುಂಬಿದ ಬಾಟಲಿಯಲ್ಲಿ ಕಡಲಿನ ಪಾಲು ಹೆಚ್ಚು, ಇಳಿತದ ಕೊನೆಯಲ್ಲಿ ತುಂಬಿದರೆ ನಗರದ ಪಾಲು ಹೆಚ್ಚು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಪ್ರತಿ ತಿಂಗಳೂ ಒಂದೇ ತಾರೀಕಿನಂದು ಒಂದೇ ಗಂಟೆಗೆ ಹೋದವರು ಪ್ರತಿ ಸಲವೂ ಬೇರೆ ಬೇರೆ ಹೊತ್ತಿನ ನೀರನ್ನು ತರುತ್ತಾರೆ. ಆ ಅಂಕಿಗಳಲ್ಲಿ ಕಾಣುವ ಏರಿಳಿತ ನಗರದ್ದೋ ಕಡಲಿನದೋ ಎಂದು ಬಿಡಿಸಲಾಗದು. ಪಾತಿ ದೋಣಿಯಲ್ಲಿ ಬಲೆ ಬಿಡುವವರೂ ಇಳಿತದಲ್ಲಿ ಮರುವಾಯಿ ಹೆಕ್ಕುವವರೂ ತಿಥಿ ನೋಡಿಯೇ ನೀರಿನ ಹೊತ್ತನ್ನು ಹೇಳಬಲ್ಲವರು. ಮಾದರಿ ತೆಗೆಯುವ ವೇಳಾಪಟ್ಟಿಯನ್ನು ಅವರನ್ನು ಕೂಡಿಸಿಕೊಂಡು ಮಾಡಿದರೆ ಅದು ಈಗಿನದಕ್ಕಿಂತ ಹೆಚ್ಚು ವೈಜ್ಞಾನಿಕವಾಗಿರುತ್ತದೆ. ಮರುವಾಯಿಯೇ ಒಂದು ಮಾಪನ ಸಾಧನವೂ ಹೌದು. ಚಿಪ್ಪಿನ ಜೀವಿಗಳು ದಿನವಿಡೀ ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿ ಅಂದು ಇದ್ದು ಇಂದು ಇಲ್ಲದ ಲೋಹಾಂಶವೂ ಅವುಗಳ ಮಾಂಸದಲ್ಲಿ ಸಂಗ್ರಹವಾಗಿರುತ್ತದೆ. ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿ 1975ರಲ್ಲಿ ಚಿಪ್ಪುಗಳ ಮೂಲಕ ಕಡಲನ್ನು ಕಾಯುವ ಕಾರ್ಯಕ್ರಮವನ್ನು ಸೂಚಿಸಿದ್ದು ಇದೇ ತತ್ವದ ಮೇಲೆ. ಮರುವಾಯಿ ಮತ್ತು ಪಚ್ಚಿಲೆ ಊಟದ ತಟ್ಟೆಗೆ ಬರುವ ಈ ಕರಾವಳಿಯಲ್ಲಿ ಆ ಪರೀಕ್ಷೆ ನದಿಯ ಆರೋಗ್ಯದ ಜತೆಗೆ ತಿನ್ನುವವರ ಆರೋಗ್ಯವನ್ನೂ ಹೇಳುತ್ತದೆ.

ಕಡಲಿನ ಕಡೆಯಿಂದ ಬರುವ ಇನ್ನೊಂದು ತೊಡಕನ್ನೂ ಇಲ್ಲಿ ಹೇಳಲೇಬೇಕು. ಮುಂಗಾರಿನ ತಿಂಗಳುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೇರಳ, ಆಮ್ಲಜನಕ ತೀರ ಕಡಿಮೆ. ಕರಾವಳಿಗೆ ಮೀನಿನ ಸಂಪತ್ತು ಬರುವುದೂ ಈ ಮೇಲೇಳುವಿಕೆಯಿಂದಲೇ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಸಹಜ ಆಮ್ಲಜನಕ ಕೊರತೆ ತೀವ್ರಗೊಳ್ಳುತ್ತಿರುವುದನ್ನು ತೋರಿಸಿ, ನೆಲದಿಂದ ಹರಿದು ಬರುವ ಪೋಷಕಾಂಶಗಳತ್ತ ಗಮನ ಸೆಳೆಯಿತು. ಹೀಗಾಗಿ ಸೆಪ್ಟೆಂಬರ್‌ನಲ್ಲಿ ತಣ್ಣೀರುಬಾವಿಯಾಚೆಯ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಕಂಡರೆ ಅದನ್ನು ಕಾರ್ಖಾನೆಯ ಕೊಳವೆಗೆ ಕಟ್ಟುವುದೂ ಅವಸರ, ಎಲ್ಲವೂ ಪ್ರಕೃತಿಯದೆಂದು ಕೈತೊಳೆದುಕೊಳ್ಳುವುದೂ ಅಷ್ಟೇ ತಪ್ಪು. ಹತ್ತಾರು ವರ್ಷಗಳ ಅಂಕಿಗಳ ಸಾಲಿಲ್ಲದೆ ಇವೆರಡನ್ನು ಬೇರ್ಪಡಿಸಲಾಗದು. ಕೇಂದ್ರ ಸರ್ಕಾರ 1991ರಲ್ಲಿ ಆರಂಭಿಸಿದ, ಇಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ನಡೆಸುವ ಕಡಲ ನೀರಿನ ಗುಣಮಟ್ಟದ ಮಾಪನ ಕಾರ್ಯಕ್ರಮ ಅಂತಹ ಸಾಲನ್ನು ಕಟ್ಟುವ ಪ್ರಯತ್ನ. ಅದರ ಬೆಲೆ ವರ್ಷ ಕಳೆದಂತೆ ಹೆಚ್ಚುತ್ತದೆ.

ಆಕಸ್ಮಿಕಗಳಿಗೂ ಇಂತಹ ಹಳೆಯ ಅಂಕಿಗಳು ಬೇಕು. 2022ರ ಜೂನ್ ತಿಂಗಳಲ್ಲಿ ಉಳ್ಳಾಲದಾಚೆ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಉಕ್ಕಿನ ಸುರುಳಿಗಳ ಸಮೇತ ಮುಳುಗಿದಾಗ, ಅದರ ತೊಟ್ಟಿಗಳಲ್ಲಿದ್ದ ಇಂಧನ ದಡಕ್ಕೆ ಬಂದೀತೆಂಬ ಭಯ ಇಡೀ ಮಳೆಗಾಲ ಕಾಡಿತು. ಮುಳುಗುವ ಮುನ್ನ ಆ ನೀರಿನಲ್ಲಿ ಎಣ್ಣೆಯಂಶ ಎಷ್ಟಿತ್ತೆಂಬ ದಾಖಲೆಯಿಲ್ಲದೆ ಮುಳುಗಿದ ಮೇಲೆ ಎಷ್ಟು ಸೇರಿತೆಂದು ಹೇಳುವುದಾಗಲಿ, ಪರಿಹಾರ ಕೇಳುವುದಾಗಲಿ ಸಾಧ್ಯವಾಗದು.

ಕಾನೂನಿನ ಕಡೆಗೆ ಬಂದರೆ, ಜಲ ಕಾಯಿದೆ ಬೇಕಾದಷ್ಟು ಅಧಿಕಾರವನ್ನು ಕೊಟ್ಟಿದೆ. 25ನೆಯ ಕಲಮಿನ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಲ್ಲದೆ ಹೊಸ ಹೊರಹರಿವು ಆರಂಭಿಸುವಂತಿಲ್ಲ. 1988ರಲ್ಲಿ ಸೇರಿಸಿದ 33ಎ ಕಲಮಿನಡಿ ಮಂಡಳಿ ಉದ್ದಿಮೆಯನ್ನು ಮುಚ್ಚಿಸಬಹುದು, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿಸಬಹುದು. 21ನೆಯ ಕಲಮು ಮಾದರಿ ತೆಗೆಯುವ ವಿಧಿಯನ್ನು ಬಿಡಿಬಿಡಿಯಾಗಿ ಹೇಳುತ್ತದೆ: ಆವರಣದ ಹೊಣೆಗಾರನಿಗೆ ನೋಟಿಸು ಕೊಟ್ಟು, ಅವನೆದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಎರಡಕ್ಕೂ ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು, ಒಂದು ಮಂಡಳಿಯ ಪ್ರಯೋಗಾಲಯಕ್ಕೆ, ಹೊಣೆಗಾರ ಕೇಳಿಕೊಂಡರೆ ಇನ್ನೊಂದು ರಾಜ್ಯ ಗೊತ್ತುಪಡಿಸಿದ ಪ್ರಯೋಗಾಲಯಕ್ಕೆ ಹೋಗುತ್ತದೆ. ಈ ವಿಧಿಯಲ್ಲಿ ಒಂದು ಹೆಜ್ಜೆ ತಪ್ಪಿದರೂ ಬಾಟಲಿಯೊಳಗಿನ ಸತ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ನ್ಯಾಯಾಲಯಗಳೂ ಹಿಂದೆ ಬಿದ್ದಿಲ್ಲ. 1980ರ ರತ್ಲಾಂ ನಗರಸಭೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹಣವಿಲ್ಲವೆಂಬ ನೆಪದಿಂದ ನಗರಸಭೆ ಚರಂಡಿಯ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದು ಸ್ಪಷ್ಟಪಡಿಸಿತು. 2017ರ ಫೆಬ್ರುವರಿಯ ತೀರ್ಪಿನಲ್ಲಿ ನಗರಗಳ ಶುದ್ಧೀಕರಣ ಘಟಕಗಳಿಗೆ ಮೂರು ವರ್ಷಗಳ ಗಡುವನ್ನೇ ವಿಧಿಸಿತು.

ಕೊರತೆ ಇರುವುದು ಅಧಿಕಾರಗಳ ನಡುವಣ ಸಂದುಗಳಲ್ಲಿ. ಅಳಿವೆಯ ಒಂದೇ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಮಹಾನಗರ ಪಾಲಿಕೆ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಎರಡು ಬಂದರುಗಳ ಆಡಳಿತ, ಮೀನುಗಾರಿಕೆ ಇಲಾಖೆ, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಎಣ್ಣೆ ಸೋರಿಕೆಯಾದರೆ ಕೋಸ್ಟ್ ಗಾರ್ಡ್, ನದಿಯ ಮೇಲ್ಭಾಗದಲ್ಲಿ ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳು ಹೊಣೆ ಹೊತ್ತಿವೆ. ಮಂಡಳಿಯು ನದಿಯ ಬಿಒಡಿ ಏರಿದೆಯೆಂದು ದಾಖಲಿಸಿದರೆ ಆ ಅಂಕಿ ಯಾವ ವೆಟ್‌ವೆಲ್‌ನ ಯಾವ ಎಂಜಿನಿಯರನ್ನು ಎಷ್ಟು ಗಂಟೆಯೊಳಗೆ ತಲುಪಬೇಕೆಂಬ ನಿಯಮವಿಲ್ಲದಿದ್ದಲ್ಲಿ ಅಳತೆ ವರದಿಯ ಕೋಷ್ಟಕದಲ್ಲೇ ಉಳಿಯುತ್ತದೆ. ನಿಯಂತ್ರಣದ ಕೆಲಸ ಆರಂಭವಾಗಬೇಕಾದದ್ದು ಈ ಕೊಂಡಿಯಿಂದ. ಹೊಸ ಘಟಕ ಕಟ್ಟುವುದಕ್ಕೆ ಶಿಲಾನ್ಯಾಸವಿರುತ್ತದೆ, ಹಣವೂ ಬರುತ್ತದೆ. ಇದ್ದ ಘಟಕಕ್ಕೆ ಮನೆಗಳನ್ನು ಜೋಡಿಸುವುದಕ್ಕೆ, ಪ್ರತಿ ವೆಟ್‌ವೆಲ್‌ಗೆ ಎರಡನೆಯ ಪಂಪು ಮತ್ತು ಚಾಲೂ ಇರುವ ಜನರೇಟರು ಇಡುವುದಕ್ಕೆ, ಶೌಚಗುಂಡಿ ಖಾಲಿ ಮಾಡುವ ಸಕ್ಕಿಂಗ್ ಯಂತ್ರದ ಲಾರಿ ರಾತ್ರಿ ಎಲ್ಲಿ ಸುರಿಯಿತೆಂದು ಲೆಕ್ಕ ಇಡುವುದಕ್ಕೆ ಅಂತಹ ಉತ್ಸಾಹ ಕಾಣುವುದಿಲ್ಲ. ನದಿಗೆ ಹೆಚ್ಚು ಉಪಕಾರವಾಗುವುದು ಮಾತ್ರ ಈ ಎರಡನೆಯ ಬಗೆಯ ಕೆಲಸಗಳಿಂದ.

ಶುದ್ಧೀಕರಿಸಿದ ನೀರಿಗೆ ಗಿರಾಕಿ ಸಿಕ್ಕರೆ ಶುದ್ಧೀಕರಣವೂ ಸುಧಾರಿಸುತ್ತದೆ ಎಂಬುದಕ್ಕೆ ಮಂಗಳೂರಿನಲ್ಲೇ ದಾರಿಯಿದೆ. ಕಾವೂರು ಘಟಕದ ನೀರನ್ನು ವಿಶೇಷ ಆರ್ಥಿಕ ವಲಯದ ಉದ್ದಿಮೆಗಳ ಬಳಕೆಗೆ ಒಯ್ಯುವ ಏರ್ಪಾಡು ನಡೆದಿದೆ. ಕಾರ್ಖಾನೆಯ ಬಾಯ್ಲರಿಗೋ ತಂಪುಗೋಪುರಕ್ಕೋ ಹೋಗುವ ನೀರು ಕೆಟ್ಟರೆ ಕೊಳ್ಳುವವರು ಆ ದಿನವೇ ದೂರುತ್ತಾರೆ, ನದಿ ದೂರುವುದಿಲ್ಲ. 2016ರ ಬೇಸಿಗೆಯಲ್ಲಿ ತುಂಬೆಯ ಮಟ್ಟ ಕುಸಿದು ನಗರ ನೀರಿಗೆ ಪರದಾಡಿದುದನ್ನು ನೆನೆದರೆ, ನೇತ್ರಾವತಿಯಿಂದ ಉದ್ದಿಮೆಗೆ ಎತ್ತುವ ನೀರು ಕಡಿಮೆಯಾದಷ್ಟೂ ಅಳಿವೆಗೆ ಇಳಿಸಲು ಉಳಿಯುವ ನೀರು ಹೆಚ್ಚುತ್ತದೆ ಎಂಬುದರ ಮಹತ್ವ ತಿಳಿಯುತ್ತದೆ. ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣಾಗಾರಕ್ಕಾಗಿ ದಿನಕ್ಕೆ 30 ದಶಲಕ್ಷ ಲೀಟರ್ ಸಾಮರ್ಥ್ಯದ ಉಪ್ಪುನೀರು ಸಿಹಿಗೊಳಿಸುವ ಘಟಕ ಬಂದಿರುವುದೂ ಈ ಲೆಕ್ಕಕ್ಕೆ ಸೇರಬೇಕು. ಅದು ಮರಳಿ ಬಿಡುವ ಗಾಢ ಉಪ್ಪುನೀರು ಹರಡುವ ಬಗೆಯನ್ನು ಅಳೆಯುವ ಕೇಂದ್ರವೂ ಜತೆಗಿರಬೇಕು.

ಮಾಪನದ ವಾರ್ಷಿಕ ಕ್ರಮವನ್ನು ಮಂಗಳೂರಿನ ನೀರಿನ ನಡೆಗೆ ಹೊಂದಿಸಿ ಹೀಗೆ ರೂಪಿಸಬಹುದು. ಗೇಟು ಮುಚ್ಚುವ ಮುನ್ನ ಮತ್ತು ಮುಚ್ಚಿದ ಹದಿನೈದು ದಿನಕ್ಕೆ ಅಣೆಕಟ್ಟುಗಳ ಮೇಲೆ, ಕೆಳಗೆ ಒಂದೊಂದು ಸುತ್ತು. ಫೆಬ್ರುವರಿಯಿಂದ ಮೇವರೆಗೆ ಪ್ರತಿ ಹುಣ್ಣಿಮೆ, ಅಮಾವಾಸ್ಯೆ ಮತ್ತು ಅಷ್ಟಮಿಗಳ ಆಸುಪಾಸಿನಲ್ಲಿ, ಇಳಿತದ ಕೊನೆಯ ಗಂಟೆಗೆ ಹೊಂದಿಸಿ, ಪ್ರತಿ ದೊಡ್ಡ ತೋಡಿನ ಬಾಯಿಯಲ್ಲಿ ಆಮ್ಲಜನಕ, ಬಿಒಡಿ, ಉಪ್ಪಿನಂಶ, ಅಮೋನಿಯಾ ಮತ್ತು ಎಂಟೆರೋಕೊಕಸ್‌ಗಳ ಅಳತೆ. ಇದರ ಜತೆಗೆ ತಿಂಗಳಿಗೊಮ್ಮೆ ಬೆಳಗಿನ ಜಾವ ಅಣೆಕಟ್ಟುಗಳ ಮಡುವಿನಲ್ಲಿ ಆಮ್ಲಜನಕದ ಅಳತೆ. ಜೂನ್‌ನಲ್ಲಿ ಮೊದಲ ಮಳೆ ಬೇಸಿಗೆಯ ಕಸ, ಎಣ್ಣೆ, ಗಸಿಗಳನ್ನು ಒಮ್ಮೆಗೇ ತೊಳೆದು ತರುವ ದಿನ, ಗಂಟೆಗೊಂದರಂತೆ ಮಾದರಿ. ಮಳೆಗಾಲದಲ್ಲಿ ಬಾವಿಗಳ ಸರದಿ, ಏಕೆಂದರೆ ನೆಲದ ನೀರಿನ ಮಟ್ಟ ಶೌಚಗುಂಡಿಯ ಮಟ್ಟಕ್ಕೆ ಏರುವುದು ಆಗಲೇ. ಇದಕ್ಕೆ ಬೇಕಾದ ಪ್ರಯೋಗಾಲಯಗಳನ್ನು ಹೊಸದಾಗಿ ಕಟ್ಟಬೇಕಿಲ್ಲ. 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯ, ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಮಂಗಳಗಂಗೋತ್ರಿಯ ವಿಶ್ವವಿದ್ಯಾಲಯ ಮತ್ತು ಮಂಡಳಿಯ ಪ್ರಾದೇಶಿಕ ಕಚೇರಿ ನಗರದ ಒಂದು ಗಂಟೆಯ ಹಾದಿಯೊಳಗಿವೆ. ಪ್ರತಿ ಸುತ್ತಿನ ಅಂಕಿಗಳು, ಮಾದರಿ ತೆಗೆದ ಗಂಟೆ ಮತ್ತು ಭರತದ ಸ್ಥಿತಿಯ ಸಮೇತ, ಮೂರು ದಿನಗಳ ಬಿಒಡಿ ಪರೀಕ್ಷೆ ಮುಗಿದ ಮರುದಿನವೇ ವಾರ್ಡ್ ಕಚೇರಿಯಲ್ಲೂ ಮೀನುಗಾರಿಕೆ ಧಕ್ಕೆಯಲ್ಲೂ ಕನ್ನಡದಲ್ಲಿ ಪ್ರಕಟವಾಗಬೇಕು. ಅಮೋನಿಯಾ ಏರಿದ ತೋಡಿನ ಎದುರು ಅದರ ಮೇಲಿನ ವೆಟ್‌ವೆಲ್‌ನ ಹೆಸರು, ಅದನ್ನು ನೋಡಿಕೊಳ್ಳುವ ಎಂಜಿನಿಯರ ಹುದ್ದೆ ಮತ್ತು ಅಲ್ಲಿಗೆ ತೆರಳಿ ಪರಿಶೀಲಿಸಿದ ದಿನಾಂಕ ಅದೇ ಹಾಳೆಯಲ್ಲಿರಬೇಕು.